ಏರಿಸಲಾಗಿದೆ

ಕನ್ನಡದ ಒಂದು ಕ್ರಿಯಾರೂಪವನ್ನು ಕಿತ್ತುಕೊಂಡರೆ ನಮ್ಮ ಸರ್ಕಾರಿ ಕಚೇರಿಗಳು ಒಂದು ದಿನವೂ ನಡೆಯಲಾರವು. ‘ಆದೇಶಿಸಲಾಗಿದೆ’, ‘ಪರಿಶೀಲಿಸಲಾಗುವುದು’, ‘ದರವನ್ನು ಪರಿಷ್ಕರಿಸಲಾಗಿದೆ’. ಶಾಲೆಯ ವ್ಯಾಕರಣದಲ್ಲಿ ಕರ್ತರಿ, ಕರ್ಮಣಿ ಎಂದು ಎರಡು ಪ್ರಯೋಗ ಕಲಿಸುತ್ತಾರೆ. ರಾಮನು ರಾವಣನನ್ನು ಕೊಂದನು ಎಂದರೆ ಕರ್ತರಿ. ರಾಮನಿಂದ ರಾವಣನು ಕೊಲ್ಲಲ್ಪಟ್ಟನು ಎಂದರೆ ಕರ್ಮಣಿ. ಎರಡನೆಯದರಲ್ಲಿ ರಾಮ ತುಸು ಹಿಂದೆ ಸರಿದು ನಿಂತರೂ ‘ಇಂದ’ ಪ್ರತ್ಯಯ ಹಿಡಿದುಕೊಂಡು ವಾಕ್ಯದೊಳಗೇ ಉಳಿಯುತ್ತಾನೆ. ಕಚೇರಿಯ ‘ಲಾಗಿದೆ’ಯಲ್ಲಿ ಆ ‘ಇಂದ’ ಬೇಕೆಂದು ಯಾರಿಗೂ ಅನ್ನಿಸುವುದೇ ಇಲ್ಲ. ಕೆಲಸ ಆಗಿದೆ, ಅದರ ಫಲ ಉಣ್ಣುವವರಿದ್ದಾರೆ, ಮಾಡಿದವನು ಮಾತ್ರ ನಾಪತ್ತೆ. ಇದು ಬರಿಯ ಶೈಲಿಯ ದೋಷವಲ್ಲ. ಕೇಂದ್ರ ಮತ್ತು ರಾಜ್ಯಗಳ ನಡುವೆ ಅಧಿಕಾರ ಹೇಗೆ ಹಂಚಿಕೆಯಾಗಬೇಕು ಎಂಬ ನಮ್ಮ ಹಳೆಯ ಜಗಳದ ತಿರುಳು ಈ ವ್ಯಾಕರಣದಲ್ಲೇ ಇದೆ ಎಂಬುದು ನನ್ನ ವಾದ. ಆ ಜಗಳವನ್ನು ನಾವು ಯಾವಾಗಲೂ ತಕ್ಕಡಿ ಹಿಡಿದೇ ಶುರು ಮಾಡುತ್ತೇವೆ: ಅವರಿಗೆ ಎಷ್ಟು, ನಮಗೆ ಎಷ್ಟು. ತೂಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಒಂದು ಕೆಲಸ ನಡೆದಾಗ ಅದರ ಕರ್ತೃ ಯಾರೆಂದು, ಅದರ ಭಾರ ಹೊತ್ತವನಿಗೆ ತಿಳಿಯುತ್ತದೆಯೇ?

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಜಯನಗರ, ಬನಶಂಕರಿ, ಜೆ.ಪಿ. ನಗರದ ಮೆಟ್ರೊ ನಿಲ್ದಾಣಗಳೇ ಸಾಕು. 2025ರ ಫೆಬ್ರವರಿ 9ರಂದು ನಮ್ಮ ಮೆಟ್ರೊ ಟಿಕೆಟ್ ದರ ಏರಿತು. 2017ರ ನಂತರ ಅದೇ ಮೊದಲ ಏರಿಕೆ. ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು; ನಡುವಿನ ಕೆಲವು ಅಂತರಗಳಲ್ಲಿ ಹಿಂದಿನ ದರದ ದುಪ್ಪಟ್ಟು ತೆರಬೇಕಾಗಿ ಬಂತು. ಜನ ಕೂಗೆಬ್ಬಿಸಿದರು. ಆಗ ಶುರುವಾದದ್ದು ದರದ ಸಮರ್ಥನೆಯೂ ಅಲ್ಲ, ದರದ ಟೀಕೆಯೂ ಅಲ್ಲ. ದರ ಏರಿಸಿದ್ದು ನಾವಲ್ಲ ಎಂಬ ಪೈಪೋಟಿ. ದರ ನಿಗದಿ ಸಮಿತಿಯನ್ನು ನೇಮಿಸಿದ್ದು ಕೇಂದ್ರ, ಅದರ ಶಿಫಾರಸು ಪಾಲಿಸಲೇಬೇಕಾದದ್ದು, ನಮ್ಮ ಪಾತ್ರವೇನೂ ಇಲ್ಲ ಎಂದಿತು ರಾಜ್ಯ ಸರ್ಕಾರ. ಸಮಿತಿ ಬೇಕೆಂದು ಕೇಳಿದ್ದೇ ಇಲ್ಲಿಂದ, ನಿಗಮದ ವ್ಯವಸ್ಥಾಪಕ ನಿರ್ದೇಶಕರು ರಾಜ್ಯದ ಅಧಿಕಾರಿ, ಜಾರಿಗೆ ತಂದವರು ನೀವೇ ಎಂದಿತು ಕೇಂದ್ರದಲ್ಲಿ ಆಳುವ ಪಕ್ಷ. ಸಮಿತಿಯ ವರದಿ ತಿಂಗಳುಗಟ್ಟಲೆ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಅದನ್ನು ಹೊರಗೆ ತರಿಸಲು ಬೆಂಗಳೂರು ದಕ್ಷಿಣದ ಸಂಸದರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಕೇಂದ್ರದ ಆಳುವ ಪಕ್ಷದವರೇ ಆದ ಒಬ್ಬ ಸಂಸದರು, ಕೇಂದ್ರಕ್ಕೆ ಅರ್ಧ ಪಾಲಿರುವ ಒಂದು ನಿಗಮದಿಂದ ಒಂದು ವರದಿ ಪಡೆಯಲು ನ್ಯಾಯಾಲಯಕ್ಕೆ ಹೋಗುವುದೆಂದರೆ, ಸಾಮಾನ್ಯ ಪ್ರಯಾಣಿಕನ ಪಾಡೇನು?

ಕಾನೂನನ್ನು ಬಿಡಿಸಿ ನೋಡಿದರೆ ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಕಷ್ಟ ಇರುವುದೇ ಅಲ್ಲಿ. ಬೆಂಗಳೂರು ಮೆಟ್ರೊ ರೈಲು ನಿಗಮದಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಗೆ ಸಮಪಾಲು. ಅಧ್ಯಕ್ಷ ಸ್ಥಾನದಲ್ಲಿ ಕೇಂದ್ರ ನಗರ ವ್ಯವಹಾರಗಳ ಕಾರ್ಯದರ್ಶಿ, ವ್ಯವಸ್ಥಾಪಕ ನಿರ್ದೇಶಕನ ಕುರ್ಚಿಯಲ್ಲಿ ಕರ್ನಾಟಕದ ಐಎಎಸ್ ಅಧಿಕಾರಿ. 2002ರ ಮೆಟ್ರೊ ರೈಲ್ವೆ ಕಾಯ್ದೆಯ ಪ್ರಕಾರ ದರ ನಿಗದಿ ಸಮಿತಿಯನ್ನು ರಚಿಸುವುದು ಕೇಂದ್ರ. ಅದರ ಅಧ್ಯಕ್ಷರು ಹಾಲಿ ಅಥವಾ ಮಾಜಿ ಹೈಕೋರ್ಟ್ ನ್ಯಾಯಮೂರ್ತಿ. ಒಬ್ಬ ಸದಸ್ಯ ಕೇಂದ್ರದ ಕಡೆಯವರು, ಇನ್ನೊಬ್ಬರು ರಾಜ್ಯದ ಕಡೆಯವರು. ಸಮಿತಿ ಮಾಡುವುದು ಶಿಫಾರಸು. ಆದರೆ ಆ ಶಿಫಾರಸು ಮೆಟ್ರೊ ಆಡಳಿತವನ್ನು ಕಟ್ಟಿಹಾಕುತ್ತದೆ. ಹೀಗೆ ಸಮಿತಿ ‘ನಾನು ಸಲಹೆ ಕೊಟ್ಟೆ ಅಷ್ಟೆ’ ಎನ್ನಬಹುದು. ನಿಗಮ ‘ನಾನು ಪಾಲಿಸಿದೆ ಅಷ್ಟೆ’ ಎನ್ನಬಹುದು. ಕೇಂದ್ರ ‘ಸಮಿತಿ ಸ್ವತಂತ್ರ’ ಎನ್ನಬಹುದು, ರಾಜ್ಯ ‘ಸಮಿತಿ ಕೇಂದ್ರದ್ದು’ ಎನ್ನಬಹುದು. ನಾಲ್ಕು ಮಾತೂ ನಿಜ. ಕೂಡಿಸಿದರೆ ಮಾತ್ರ ದರ ತಾನೇ ತಾನಾಗಿ ಏರಿದಂತಾಗುತ್ತದೆ. ಇಷ್ಟಾದ ಮೇಲೆ ನಡೆದದ್ದನ್ನೂ ಗಮನಿಸಬೇಕು. ದುಪ್ಪಟ್ಟಾದ ಕಡೆ ಸರಿಪಡಿಸಿ ಎಂದು ಮುಖ್ಯಮಂತ್ರಿ ಹೇಳಿದರು. ಕೆಲವೇ ದಿನಗಳಲ್ಲಿ ನಿಗಮ ಏರಿಕೆಯನ್ನು ಶೇ 71ಕ್ಕೆ ಮಿತಿಗೊಳಿಸಿತು. ಕೈಯಲ್ಲಿ ಏನೂ ಇಲ್ಲ ಎಂದವರ ಕೈಯಲ್ಲಿ ಅಷ್ಟಾದರೂ ಇತ್ತು.

ಕರ್ತೃತ್ವದ ಪ್ರಶ್ನೆ ನಮ್ಮ ತತ್ತ್ವಶಾಸ್ತ್ರಕ್ಕೆ ಹೊಸದಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನು ಕರ್ತೃವೋ ಅಲ್ಲವೋ ಎಂಬ ಚರ್ಚೆ ಬರುತ್ತದೆ. ಮಾಡುವುದೆಲ್ಲ ಪ್ರಕೃತಿ, ಪುರುಷ ಬರಿಯ ಸಾಕ್ಷಿ ಎನ್ನುವ ಸಾಂಖ್ಯರು ಎದುರಿಗಿದ್ದಾರೆ. ಸೂತ್ರಕಾರರು ಅವರಿಗೆ ಕೊಡುವ ಉತ್ತರದಲ್ಲಿ ಒಂದು ಬಗೆಯ ಲೌಕಿಕ ಜಾಣತನವಿದೆ. ಜೀವ ಕರ್ತೃವಲ್ಲದಿದ್ದರೆ ಶಾಸ್ತ್ರಕ್ಕೇ ಅರ್ಥವಿರುವುದಿಲ್ಲ. ಇದನ್ನು ಮಾಡು, ಅದನ್ನು ಮಾಡಬೇಡ ಎಂಬ ವಿಧಿನಿಷೇಧ ಯಾರಿಗೆ ಹೇಳಿದ್ದು? ಮಾಡುವವನೇ ಇಲ್ಲದ ಕಡೆ ‘ಮಾಡು’ ಎಂಬ ಮಾತು ಗಾಳಿಗೆ ಹೇಳಿದ ಹಾಗೆ. ಮುಂದೆ ಅದೇ ಪಾದದಲ್ಲಿ, ಆ ಕರ್ತೃತ್ವ ಬಂದದ್ದು ಪರಮಾತ್ಮನಿಂದ ಎಂಬ ಮಾತೂ ಬರುತ್ತದೆ. ಅಂದರೆ ಜೀವ ಪರಾಧೀನ, ಆದರೂ ಕರ್ತೃ. ಪರಮಾತ್ಮ ಮಾಡಿಸುವುದು ಕೂಡ ಜೀವ ಪಟ್ಟ ಪ್ರಯತ್ನವನ್ನು ನೋಡಿಕೊಂಡೇ; ಇಲ್ಲದಿದ್ದರೆ ಪಾಪಪುಣ್ಯದ ಲೆಕ್ಕವೇ ಬಿದ್ದುಹೋಗುತ್ತದೆ. ಶಂಕರರು ಈ ಕರ್ತೃತ್ವ ಉಪಾಧಿಯಿಂದ ಬಂದದ್ದು, ಪರಮಾರ್ಥದಲ್ಲಿ ಇಲ್ಲ ಎಂದರು. ರಾಮಾನುಜರಿಗೂ ಮಧ್ವರಿಗೂ ಅದು ನಿಜವೇ, ಸ್ವತಂತ್ರವಲ್ಲ ಅಷ್ಟೆ. ಆದರೆ ವ್ಯವಹಾರದಲ್ಲಿ ಹೊಣೆ ಜೀವನದ್ದು ಎಂಬುದನ್ನು ಮೂವರೂ ಬಿಟ್ಟುಕೊಡಲಿಲ್ಲ. ಕತ್ರಿಗುಪ್ಪೆಯಲ್ಲಿ ಪೇಜಾವರ ವಿಶ್ವೇಶತೀರ್ಥರು 1956ರಲ್ಲಿ ಆರಂಭಿಸಿದ ಪೂರ್ಣಪ್ರಜ್ಞ ವಿದ್ಯಾಪೀಠದ ಹುಡುಗರು ಇವತ್ತಿಗೂ ಪಾಠ ಹೇಳಿಸಿಕೊಳ್ಳುವ ವಿಷಯ ಇದು. ಅಲ್ಲಿಂದ ಬನಶಂಕರಿ ನಿಲ್ದಾಣ ಬಹಳ ದೂರವೇನಿಲ್ಲ. ವಾದವೂ ಅಷ್ಟು ದೂರ ನಡೆದು ಬರಬಲ್ಲದು.

ದೇವರು–ಜೀವರ ಮಾತನ್ನು ದೆಹಲಿ–ಬೆಂಗಳೂರಿಗೆ ತಂದು ಅಂಟಿಸುವುದು ಅತಿಯಾಯಿತು, ಕೇಂದ್ರವನ್ನು ಪರಮಾತ್ಮನ ಪೀಠದಲ್ಲಿ ಕೂರಿಸಿದಂತಾಯಿತು ಎಂದು ಯಾರಾದರೂ ಆಕ್ಷೇಪಿಸಿದರೆ ಆ ಆಕ್ಷೇಪ ನ್ಯಾಯವಾದದ್ದು. ನಾನು ತೆಗೆದುಕೊಳ್ಳುತ್ತಿರುವುದು ಪೀಠವನ್ನಲ್ಲ, ವಾದದ ಕಟ್ಟನ್ನು. ಚುನಾವಣೆ ಎಂಬುದೂ ಒಂದು ವಿಧಿನಿಷೇಧ: ಒಳ್ಳೆಯದು ಮಾಡಿದವನಿಗೆ ಮತ, ಕೆಟ್ಟದ್ದು ಮಾಡಿದವನಿಗೆ ಮನೆ. ಮಾಡಿದವನು ಯಾರೆಂದೇ ತಿಳಿಯದಿದ್ದರೆ ಆ ಶಾಸ್ತ್ರ ನಿರರ್ಥಕ. ಇನ್ನು ಸ್ವತಂತ್ರ ಯಾರು, ಪರತಂತ್ರ ಯಾರು ಎಂಬ ಪ್ರಶ್ನೆಗೆ ನಮ್ಮ ಗಣರಾಜ್ಯದಲ್ಲಿ ಉತ್ತರ ಬೇರೆಯೇ ಇದೆ. ಸಂವಿಧಾನಕ್ಕೆ, ಅದರ ಹಿಂದಿರುವ ಜನಕ್ಕೆ ಕೇಂದ್ರವೂ ಪರತಂತ್ರ, ರಾಜ್ಯವೂ ಪರತಂತ್ರ. ಒಬ್ಬ ಪರತಂತ್ರನಿಗೆ ಹೆಚ್ಚು ಕೊಟ್ಟಿರಬಹುದು, ಇನ್ನೊಬ್ಬನಿಗೆ ಕಡಿಮೆ. ಕಡಿಮೆ ಸಿಕ್ಕಿದೆ ಎಂಬುದು ದೂರಾಗಬಹುದೇ ಹೊರತು ಸಿಕ್ಕಿದ್ದರಲ್ಲಿ ಮಾಡಿದ್ದನ್ನು ಮಾಡಿಲ್ಲ ಎನ್ನಲು ನೆಪವಾಗಲಾರದು.

ಜಯನಗರ ಹುಟ್ಟಿದ ಸಂದರ್ಭದಲ್ಲೇ ಇದರ ಇತಿಹಾಸದ ಒಂದು ಎಳೆ ಇದೆ. 1948ರಲ್ಲಿ ಬಡಾವಣೆಗೆ ಅಡಿಗಲ್ಲು ಹಾಕಿದವರು ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ; ಅದರ ಗುರುತಾಗಿ ಅಶೋಕ ಸ್ತಂಭ ಇನ್ನೂ ನಿಂತಿದೆ, ನಾಲ್ಕು ಸಿಂಹಗಳು ಟ್ರಾಫಿಕ್ ಸಿಗ್ನಲ್ ನೋಡುತ್ತ ಕೂತಿವೆ. ಆಗ ಈ ನೆಲ ಮೈಸೂರು ಸಂಸ್ಥಾನ. ಜಯಚಾಮರಾಜ ಒಡೆಯರು 1947ರ ಆಗಸ್ಟಿನಲ್ಲಿ ಒಕ್ಕೂಟ ಸೇರುವ ಪತ್ರಕ್ಕೆ ಸಹಿ ಮಾಡಿದ್ದು ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರು ವಿಷಯಗಳ ಮಟ್ಟಿಗೆ. ಮುಂದೆ ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೂ ಆಗಲಿ ಎಂದು ಅವರು ಘೋಷಣೆ ಹೊರಡಿಸಿದ್ದು 1949ರ ನವೆಂಬರ್ 25ರಂದು. ಅದೇ ದಿನ ದೆಹಲಿಯ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ತಮ್ಮ ಕೊನೆಯ ದೊಡ್ಡ ಭಾಷಣ ಮಾಡುತ್ತಿದ್ದರು. ಬಲಿಷ್ಠ ಕೇಂದ್ರದ ಪರ ವಾದಿಸುವವರು ಅಂಬೇಡ್ಕರರ ಇನ್ನೊಂದು ಮಾತನ್ನು, 1948ರ ನವೆಂಬರಿನದನ್ನು, ನೆನಪಿಸುತ್ತಾರೆ: ಈ ಒಕ್ಕೂಟ ರಾಜ್ಯಗಳ ಒಪ್ಪಂದದಿಂದ ಹುಟ್ಟಿದ್ದಲ್ಲ, ಆದ್ದರಿಂದ ಒಡೆಯುವಂಥದೂ ಅಲ್ಲ. ಸರಿ. 1956ರ ಕನ್ನಡನಾಡು ಕೂಡ ಸಂಸತ್ತಿನ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಿಂದಲೇ ಆದದ್ದು. ಗಡಿ ಬದಲಿಸುವ ಅಧಿಕಾರ ಇವತ್ತಿಗೂ ಸಂಸತ್ತಿನದೇ. ಆದರೆ ಅಂಬೇಡ್ಕರ್ 1949ರ ನವೆಂಬರ್ 25ರ ಭಾಷಣದಲ್ಲಿ, ರಾಜ್ಯಗಳನ್ನು ಪುರಸಭೆಗಳ ಮಟ್ಟಕ್ಕೆ ಇಳಿಸಿದ್ದೀರಿ ಎಂಬ ದೂರಿಗೆ ಉತ್ತರಿಸುತ್ತ, ಇಲ್ಲಿ ಅಧಿಕಾರವನ್ನು ಹಂಚಿರುವುದು ಕೇಂದ್ರ ಮಾಡಿದ ಕಾನೂನಲ್ಲ, ಸಂವಿಧಾನವೇ ಎಂದು ಸ್ಪಷ್ಟವಾಗಿ ಹೇಳಿದರು. ರಾಜ್ಯ ತನ್ನ ವ್ಯಾಪ್ತಿಯಲ್ಲಿ ಮಾಡುವುದಕ್ಕೆ ಕೇಂದ್ರದ ಅಪ್ಪಣೆ ಬೇಡ. ಅದನ್ನು ರಾಜ್ಯದ ಹೆಮ್ಮೆಗಾಗಿ ಉದ್ಧರಿಸುವವರು ಬಹಳ. ಅಪ್ಪಣೆ ಬೇಡವೆಂದಾದರೆ ನೆಪವೂ ಇಲ್ಲ ಎಂಬ ಅದರ ಮತ್ತೊಂದು ಮುಖ ಮಾತ್ರ ಯಾರ ಭಾಷಣದಲ್ಲೂ ಕಾಣುವುದಿಲ್ಲ.

ಕರ್ತೃವನ್ನು ಬಚ್ಚಿಡುವುದು ಕೇಂದ್ರಕ್ಕೆ ಎಷ್ಟು ಅನುಕೂಲವಾಗಿತ್ತು ಎಂಬುದಕ್ಕೆ ಕರ್ನಾಟಕದಷ್ಟು ಒಳ್ಳೆಯ ಸಾಕ್ಷಿ ಬೇರೆಡೆ ಇಲ್ಲ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರ ಹೋಯಿತು. ಹೋಯಿತು ಎನ್ನುವಾಗಲೇ ನಾನೂ ಅದೇ ವ್ಯಾಕರಣಕ್ಕೆ ಬಿದ್ದೆ, ಯಾರು ಕಳಿಸಿದರು? ಹತ್ತೊಂಬತ್ತು ಶಾಸಕರ ಹೆಸರಿನಲ್ಲಿ ಬೆಂಬಲ ವಾಪಸಿನ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈ ಸೇರಿದವು. ಅವರಲ್ಲಿ ಏಳು ಮಂದಿ ತಮ್ಮ ಸಹಿಯನ್ನು ತಪ್ಪು ಹೇಳಿ ಪಡೆದರು ಎಂದು ತಿರುಗಿ ಬರೆದರು. ವಿಧಾನಸಭೆಯಲ್ಲೇ ಬಲ ತೋರಿಸುತ್ತೇನೆ ಎಂದರು ಬೊಮ್ಮಾಯಿ. ರಾಜ್ಯಪಾಲರು ಅದಕ್ಕೆ ಕಾಯದೆ ವರದಿ ಕಳಿಸಿದರು. ವರದಿ ರಾಜ್ಯಪಾಲರದು, ಸಲಹೆ ಸಚಿವ ಸಂಪುಟದ್ದು, ಸಹಿ ರಾಷ್ಟ್ರಪತಿಯವರದು. ಪ್ರತಿಯೊಬ್ಬರೂ ಇನ್ನೊಬ್ಬರ ಮಾತಿನ ಮೇಲೆ ನಡೆದವರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ಸರಪಳಿಯನ್ನು ಹಿಡಿದು ಅಲುಗಾಡಿಸಿತು. ಬಹುಮತ ಇದೆಯೋ ಇಲ್ಲವೋ ಎಂಬುದು ತಿಳಿಯಬೇಕಾದ ಜಾಗ ರಾಜಭವನವಲ್ಲ, ಸದನ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಅದಕ್ಕೆ ಆಧಾರವಾದ ಸಾಮಗ್ರಿಯನ್ನು ಕೇಂದ್ರ ತೋರಿಸಬೇಕು. ಈ ತೀರ್ಪನ್ನು ಒಕ್ಕೂಟ ವ್ಯವಸ್ಥೆ ಸಂವಿಧಾನದ ಮೂಲ ರಚನೆಯ ಭಾಗ ಎಂದ ತೀರ್ಪಾಗಿ ನಾವು ಓದುತ್ತೇವೆ. ನನಗೆ ಅದು ಸಹಿಯ ತೀರ್ಪಾಗಿಯೂ ಕಾಣುತ್ತದೆ. ರಾಜ್ಯಗಳಿಗೆ ಹೊಸ ಅಧಿಕಾರವೊಂದನ್ನೂ ಅದು ಕೊಡಲಿಲ್ಲ, ರಾಷ್ಟ್ರಪತಿ ಆಳ್ವಿಕೆ ಹೇರಲು ಕೇಂದ್ರಕ್ಕಿರುವ 356ನೇ ವಿಧಿಯನ್ನು ಕಿತ್ತುಕೊಳ್ಳಲೂ ಇಲ್ಲ. ಮಾಡಿದವನು ಮುಂದೆ ಬಂದು ಕಾರಣ ಹೇಳಲಿ ಎಂದಿತು, ಅಷ್ಟೆ. ಅಷ್ಟಕ್ಕೇ, ಅಲ್ಲಿಯವರೆಗೆ ಬೇಕಾಬಿಟ್ಟಿ ನಡೆಯುತ್ತಿದ್ದ ಸರ್ಕಾರಗಳ ವಜಾ ಅಪರೂಪದ ಸಂಗತಿಯಾಯಿತು. ತೂಕ ಬದಲಾಗಲಿಲ್ಲ, ಕರ್ತೃ ಕಂಡ. ಬೊಮ್ಮಾಯಿಯವರಿಗೆ ಮಾತ್ರ ಐದು ವರ್ಷ ತಡವಾಗಿ ಬಂದ ನ್ಯಾಯದಿಂದ ಕುರ್ಚಿ ಮರಳಲಿಲ್ಲ.

ಭಗವದ್ಗೀತೆಯ ಕೊನೆಯ ಅಧ್ಯಾಯದಲ್ಲಿ ಯಾವ ಕರ್ಮಕ್ಕಾದರೂ ಐದು ಕಾರಣಗಳು ಎಂಬ ಮಾತಿದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಐದೂ ಸೇರಿ ಆದ ಕೆಲಸಕ್ಕೆ ತಾನೊಬ್ಬನೇ ಕರ್ತೃ ಎಂದು ಬೀಗುವವನು ಸರಿಯಾಗಿ ಕಾಣದವನು. ನಮ್ಮ ರಾಜಕಾರಣ ಈ ಪಾಠವನ್ನು ಅರ್ಧ ಕಲಿತಿದೆ. ಬೈಗುಳ ಬಂದಾಗ ಐದು ಕಾರಣ, ಹೊಗಳಿಕೆ ಬಂದಾಗ ಒಬ್ಬನೇ ಕರ್ತೃ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗವನ್ನು ಪ್ರಧಾನಿ ಉದ್ಘಾಟಿಸಿದರು. ರಾಗಿಗುಡ್ಡ, ಜಯದೇವ, ಬಿಟಿಎಂ ಲೇಔಟ್, ಸಿಲ್ಕ್ ಬೋರ್ಡ್ ದಾಟಿ ಹೋಗುವ 19 ಕಿಲೋಮೀಟರ್ ಚಿಲ್ಲರೆಯ ಆ ಹಾದಿಗೆ ಯಾರು ಎಷ್ಟು ಹಣ ಹಾಕಿದರು ಎಂಬ ಲೆಕ್ಕ ಅಂದು ಎರಡೂ ಕಡೆಯವರ ಬಾಯಲ್ಲಿತ್ತು. ದರ ಏರಿದಾಗ ಅನಾಥವಾಗಿದ್ದ ಮೆಟ್ರೊಗೆ ಆರು ತಿಂಗಳಲ್ಲಿ ಇಬ್ಬರು ತಂದೆಯರು.

ಇಲ್ಲಿ ಬಲವಾದ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಈ ಕಾಲದ ದೊಡ್ಡ ಕೆಲಸ ಯಾವುದೂ ಒಬ್ಬರಿಂದ ಆಗುವುದಿಲ್ಲ; ಹಣ ಒಬ್ಬರದು, ನೆಲ ಇನ್ನೊಬ್ಬರದು, ಸಾಲ ಹೊರದೇಶದ್ದು. ಹಂಚಿಕೊಂಡು ಮಾಡಿದ ಮೇಲೆ ಹೊಣೆ ಮಸುಕಾಗುವುದು ಸಹಜ, ಅದನ್ನು ತಪ್ಪಿಸಲು ಹೋದರೆ ಸಹಕಾರವೇ ನಿಂತುಹೋಗುತ್ತದೆ ಎಂಬುದು ಆ ವಾದ. ಇದಕ್ಕೆ ಉತ್ತರ ಹೊಸೂರು ರಸ್ತೆಯಲ್ಲೇ ಇದೆ. ನಿಮ್ಹಾನ್ಸ್ ಹುಟ್ಟಿದ್ದು 1974ರ ಡಿಸೆಂಬರ್ 27ರಂದು, ರಾಜ್ಯದ ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಕೇಂದ್ರ 1954ರಲ್ಲಿ ಇಲ್ಲಿ ತೆರೆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಒಂದುಗೂಡಿಸಿ. ಎರಡು ಸರ್ಕಾರಗಳ ಕೂಡಿಕೆ ಅದು. ಆದರೂ ಅಲ್ಲಿ ರೋಗಿಗೆ ಏನಾದರೂ ಆದರೆ ಯಾರನ್ನು ಕೇಳಬೇಕು ಎಂಬ ಗೊಂದಲ ಹುಟ್ಟಲಿಲ್ಲ, ಏಕೆಂದರೆ ಕೂಡಿ ಕಟ್ಟಿದವರು ನಡೆಸುವ ಹೊಣೆಯನ್ನು ಒಂದು ಸಂಸ್ಥೆಯ, ಒಬ್ಬ ನಿರ್ದೇಶಕರ ಹೆಸರಿಗೆ ಬರೆದುಕೊಟ್ಟರು. 2012ರ ಕಾಯ್ದೆ ಅದನ್ನು ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯಾಗಿಸಿದಾಗಲೂ ಅದು ಬದಲಾಗಲಿಲ್ಲ. ಕೂಡಿ ಮಾಡುವುದು ಬೇರೆ, ಹೆಸರಿಲ್ಲದೆ ಮಾಡುವುದು ಬೇರೆ. ಜಂಟಿ ಖಾತೆಯ ಚೆಕ್ಕಿಗೂ ಸಹಿ ಬೇಕೇ ಬೇಕು.

ಸಹಿ ಮಸುಕಾದರೆ ಏನಾಗುತ್ತದೆ ಎಂಬುದಕ್ಕೆ 2025ರ ಜುಲೈ ನೋಡಬಹುದು. ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಯವರಿಗೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸುಗಳು ಬಂದವು. ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಚೀಟಿ ಅಂಟಿಸಿದ ಅಂಗಡಿಗಳು ಬೆಂಗಳೂರಿನಲ್ಲಿ ಎಷ್ಟೋ. ನೋಟಿಸ್ ಕೊಟ್ಟದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, ಕೇಂದ್ರವನ್ನೇಕೆ ದೂರುತ್ತೀರಿ ಎಂದರು ಕೇಂದ್ರ ಸಚಿವ ಪ್ರಲ್ಹಾದ ಜೋಶಿ. ಜಿಎಸ್‌ಟಿ ತಂದದ್ದೇ ಕೇಂದ್ರ, ನಿಯಮ ಮಾಡುವುದು ಕೌನ್ಸಿಲ್ ಎಂದರು ರಾಜ್ಯದವರು. ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು. ತೀರ್ಮಾನಕ್ಕೆ ಬೇಕಾದದ್ದು ನಾಲ್ಕನೇ ಮೂರು ಪಾಲು. ಕೇಂದ್ರ ಒಪ್ಪದೆ ಏನೂ ಆಗದು. ಕೇಂದ್ರವೊಂದೇ ಏನನ್ನೂ ಮಾಡಲಾಗದು. ತಕ್ಕಡಿಯ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಸಮತೋಲ. ಹೊಣೆಯ ದೃಷ್ಟಿಯಿಂದ ಇದೊಂದು ಮಂಜು. ಕೊನೆಗೆ ಮುಖ್ಯಮಂತ್ರಿ ವ್ಯಾಪಾರಿಗಳನ್ನು ಕರೆದು ಮಾತಾಡಿ, ತೆರಿಗೆ ವಿನಾಯಿತಿ ಇರುವ ಸರಕು ಮಾರುವವರ ಹಳೆಯ ಬಾಕಿ ಕೇಳುವುದಿಲ್ಲ ಎಂದಾಗ ಗಲಾಟೆ ತಣ್ಣಗಾಯಿತು. ಇಲ್ಲಿಯೂ ಅಷ್ಟೆ: ಕರ್ತೃ ಇದ್ದ, ಕರೆದಾಗ ಬಂದ.

2017ರಲ್ಲಿ ಈ ಹೊಣೆ ಜಾರಿಸುವ ಆಟದ ತದ್ವಿರುದ್ಧ ನಡೆದಿತ್ತು. ಆ ಜೂನ್‌ನಲ್ಲಿ ಹಸಿರು ಮಾರ್ಗ ದಕ್ಷಿಣಕ್ಕೆ ಯಲಚೇನಹಳ್ಳಿಯವರೆಗೆ ಬಂದಾಗ ಮೆಟ್ರೊ ಫಲಕಗಳಲ್ಲಿ ಹಿಂದಿ ಏಕೆ ಎಂಬ ಪ್ರಶ್ನೆ ಕಾವೇರಿತು. ತ್ರಿಭಾಷಾ ಸೂತ್ರ, ಕೇಂದ್ರದ ಸೂಚನೆ ಎಂಬ ನೆಪಗಳು ಆಗಲೂ ಸಿದ್ಧವಾಗಿದ್ದವು. ಆದರೆ ರಾಜ್ಯ ಸರ್ಕಾರ ಇದು ನಮ್ಮ ಮಾತು ಎಂದು ನಿಂತಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರಕ್ಕೆ ಪತ್ರ ಬರೆದು ಹಿಂದಿ ಫಲಕ ತೆಗೆಯುತ್ತೇವೆ ಎಂದರು, ಫಲಕಗಳು ಬದಲಾದವು. ಅದೇ ನಿಗಮ, ಅದೇ ಸಮಪಾಲು. ತೀರ್ಮಾನ ಸರಿಯೋ ತಪ್ಪೋ ಎಂದು ಜಗಳವಾಡಬಹುದು, ಆದರೆ ಯಾರ ತೀರ್ಮಾನ ಎಂದು ಯಾರೂ ಕೇಳಲಿಲ್ಲ. ಮತ ತರುವ ವಿಷಯಕ್ಕೆ ಕರ್ತೃ ಸಿಗುತ್ತಾನೆ, ಮತ ಕಳೆಯುವ ವಿಷಯಕ್ಕೆ ಸಿಗುವುದಿಲ್ಲ ಎಂದು ಯಾರಾದರೂ ನಕ್ಕರೆ ನಾನೂ ಜೊತೆಗೆ ನಗುತ್ತೇನೆ.

ತಜ್ಞರ ಪರವಾಗಿ ಇನ್ನೊಂದು ಮಾತು ಬರುತ್ತದೆ, ಅದು ಹಗುರವಾದದ್ದಲ್ಲ. ಟಿಕೆಟ್ ದರವನ್ನು ರಾಜಕಾರಣಿಗಳ ಕೈಗೆ ಬಿಟ್ಟರೆ ಅವರು ಎಂದೂ ಏರಿಸುವುದಿಲ್ಲ. ಎಂಟು ವರ್ಷ ಏರದೆ ಒಮ್ಮೆಗೇ ಏರಿದ್ದರಿಂದಲೇ ಇಷ್ಟು ನೋವಾಯಿತು. ನಷ್ಟ ಎಲ್ಲಿಂದಲೋ ತುಂಬಲೇಬೇಕಲ್ಲ. ಜಯನಗರದ ಪ್ರಯಾಣಿಕ ಕೊಡದ ಹಣವನ್ನು ಮೆಟ್ರೊ ಕಂಡೇ ಇರದ ರಾಯಚೂರಿನವನ ತೆರಿಗೆ ಕೊಡಬೇಕಾಗುತ್ತದೆ. ಅದು ಯಾವ ನ್ಯಾಯ? ಇದನ್ನು ಪೂರ್ತಿ ಒಪ್ಪುತ್ತೇನೆ. ದರ ಏರಬಾರದಿತ್ತು ಎಂಬುದು ನನ್ನ ವಾದವಲ್ಲ. ತಜ್ಞರು ಲೆಕ್ಕ ಹಾಕಲಿ, ಬೆಂಗಳೂರಿಗರು ಎಷ್ಟು ಕೊಡಬೇಕು ಎಂದು ನಿಷ್ಠುರವಾಗಿ ಹೇಳಲಿ. ಆದರೆ ಸಲಹೆಯೂ ನಿರ್ಧಾರವೂ ಒಂದೇ ಅಲ್ಲ. ರಾಯಚೂರಿನವನಿಗೂ ಜಯನಗರದವನಿಗೂ ನಡುವಿನ ನ್ಯಾಯ ಗಣಿತದ್ದಲ್ಲ, ನೀತಿಯದು. ನೀತಿಯ ನಿರ್ಧಾರ ಮಾಡಿದವನನ್ನು ಐದು ವರ್ಷಕ್ಕೊಮ್ಮೆ ಎದುರಿಗೆ ನಿಲ್ಲಿಸಿ ಕೇಳಲು ಸಾಧ್ಯವಿರಬೇಕು. ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ಬನಶಂಕರಿಯ ಮತದಾರ ಹೇಗೆ ಸೋಲಿಸುತ್ತಾನೆ?

ಇಷ್ಟು ಬರೆದ ಮೇಲೂ ಕೆಲವರು, ನಿಜವಾದ ವಿಷಯ ಹಣ, ಅದನ್ನೇ ಬಿಟ್ಟಿರಲ್ಲ ಎಂದಾರು. ಹದಿನಾಲ್ಕನೇ ಹಣಕಾಸು ಆಯೋಗದಲ್ಲಿ ಕೇಂದ್ರ ತೆರಿಗೆಯಲ್ಲಿ ಶೇ 4.713 ಇದ್ದ ಕರ್ನಾಟಕದ ಪಾಲು ಹದಿನೈದನೆಯದರಲ್ಲಿ ಶೇ 3.647ಕ್ಕೆ ಇಳಿಯಿತು, 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ, ಸಚಿವರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು, ಬರ ಪರಿಹಾರಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಇವು ನಿಜವಾದ ಅನ್ಯಾಯಗಳಿರಬಹುದು, ಅಲ್ಲದೆಯೂ ಇರಬಹುದು. ತಲಾ ಆದಾಯದ ಅಂತರಕ್ಕೆ ಶೇ 45 ತೂಕ ಕೊಟ್ಟ ಸೂತ್ರದಲ್ಲಿ ಬಡ ರಾಜ್ಯಗಳ ಕಡೆಗಿನ ಒಂದು ನ್ಯಾಯವೂ ಇದೆ ಎಂದು ನಾನು ನಂಬುತ್ತೇನೆ. ನಾನು ಗಮನಿಸುವುದು ಇಷ್ಟೇ: ಈ ಪಾಲಿನ ಜಗಳ ಬಿಸಿಯಾಗಿದ್ದರೂ ಸ್ಪಷ್ಟವಾಗಿದೆ. ಆಯೋಗಕ್ಕೆ ಹೆಸರಿದೆ, ಸೂತ್ರ ಮುದ್ರಣವಾಗಿದೆ, ಯಾವ ಅಂಕಿ ಎಲ್ಲಿ ತಪ್ಪು ಎಂದು ಬೆರಳಿಟ್ಟು ತೋರಿಸಬಹುದು. ಅದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಸೆಸ್ ಮತ್ತು ಸರ್‌ಚಾರ್ಜ್. ಅವು ಹಂಚಿಕೆಯ ಬುಟ್ಟಿಗೇ ಬೀಳುವುದಿಲ್ಲ. ತೆರಿಗೆಯನ್ನು ಏರಿಸದೆ ಸೆಸ್ ಏರಿಸಿದರೆ ರಾಜ್ಯಗಳ ಪಾಲು ಸದ್ದಿಲ್ಲದೆ ಕರಗುತ್ತದೆ. ಪಾಲು ಇಳಿಸಿದವರು ಯಾರು ಎಂದರೆ ಯಾರೂ ಇಲ್ಲ, ಸೂತ್ರ ಹಾಗೆಯೇ ಇದೆ.

ಕೇಂದ್ರದ ಕಡೆ ಬೆರಳು ತೋರಿಸುವ ರಾಜ್ಯ ತನ್ನ ಕೆಳಗಿನ ನಗರಕ್ಕೆ ಏನು ಮಾಡಿತು? ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ, ಯಾವ ಪಕ್ಷ ಆಳಿದರೂ, ವಾರ್ಡಿಗೊಬ್ಬ ಸದಸ್ಯನಿಲ್ಲದೆ ಆಡಳಿತಾಧಿಕಾರಿಗಳು ನಗರ ನಡೆಸಿದರು. ಅಧಿಕಾರ ತಳದಿಂದ ಮೇಲಕ್ಕೆ ಬೆಳೆಯಬೇಕು ಎಂದು ಜೀವಮಾನವಿಡೀ ಹೇಳಿದ ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತ ಬಡಾವಣೆಯ ಜನಕ್ಕೆ ಚರಂಡಿ ಕಟ್ಟಿಕೊಂಡರೆ ಕೇಳಲು ಒಬ್ಬ ಕಾರ್ಪೊರೇಟರ್ ಇಲ್ಲದ ಐದು ವರ್ಷ. 2025ರ ಸೆಪ್ಟೆಂಬರ್ 2ರಂದು ನಗರ ಐದು ಪಾಲಿಕೆಗಳಾಯಿತು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಅಧ್ಯಕ್ಷರು ಮುಖ್ಯಮಂತ್ರಿಯೇ. ದೆಹಲಿಯ ಎದುರು ರಾಜ್ಯ ಹೇಳುವ ಪ್ರತಿ ಮಾತನ್ನೂ ಬೆಂಗಳೂರು ವಿಧಾನಸೌಧದ ಎದುರು ನಿಂತು ಹೇಳಬಹುದು.

ಆದರೆ ಇದರಿಂದ ರಾಜ್ಯದ ದೂರು ಸುಳ್ಳಾಗುತ್ತದೆಯೇ? ಆಗುವುದಿಲ್ಲ, ಕಳ್ಳನ ಮನೆಗೆ ಕನ್ನ ಬಿದ್ದರೂ ಅದು ಕಳ್ಳತನವೇ. ದೂರಿನ ಬಲ ಮಾತ್ರ ಕುಗ್ಗುತ್ತದೆ. ಹಾಗೆ ಕುಗ್ಗದಂತೆ ನಡೆದುಕೊಂಡ ಒಂದು ಕಾಲವೂ ಇದೇ ವಿಧಾನಸೌಧದಲ್ಲಿತ್ತು. 1983ರಲ್ಲಿ ರಾಮಕೃಷ್ಣ ಹೆಗಡೆ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದು ಕೇಂದ್ರ–ರಾಜ್ಯ ಸಂಬಂಧದ ಪ್ರಶ್ನೆ ಎತ್ತಿದರು. ಅದರ ಬೆನ್ನಲ್ಲೇ ಇಂದಿರಾ ಗಾಂಧಿ ಸರ್ಕಾರ ಸರ್ಕಾರಿಯಾ ಆಯೋಗ ರಚಿಸಿತು. ಅದೇ ವರ್ಷ ಹೆಗಡೆ ಸರ್ಕಾರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಮಸೂದೆ ತಂದಿತು. ಮೇಲಿನಿಂದ ಕೇಳಿದ್ದನ್ನು ಕೆಳಕ್ಕೆ ಕೊಡಲು ಹೊರಟ ಆ ಮಸೂದೆ ರಾಷ್ಟ್ರಪತಿಯವರ ಅಂಕಿತಕ್ಕೆ 1985ರವರೆಗೆ ಕಾಯಬೇಕಾಯಿತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಅದರ ಹಿಂದಿದ್ದ ಅಬ್ದುಲ್ ನಜೀರ್ ಸಾಬರನ್ನು ಹಳ್ಳಿಯ ಜನ ‘ನೀರ್ ಸಾಬ್’ ಎಂದು ಕರೆದರು. ಕೊಳವೆಬಾವಿ ಕೊರೆಸಿದ್ದು ಯಾರು ಎಂದು ಆ ಹಳ್ಳಿಗರಿಗೆ ಗೊತ್ತಿತ್ತು. ಅವರ ವಾಕ್ಯದಲ್ಲಿ ಕರ್ತೃ ಇದ್ದ, ಅದೂ ಅಡ್ಡಹೆಸರಿನ ಸಮೇತ.

ಮೆಟ್ರೊ ದರ ಸಮಿತಿಯ ವರದಿ ಹೊರಬಂದ ಮೇಲೆ ಅದರಲ್ಲಿದ್ದ ಇನ್ನೊಂದು ಶಿಫಾರಸು ಎಲ್ಲರ ಕಣ್ಣಿಗೆ ಬಿತ್ತು. ಪ್ರತಿಯೊಮ್ಮೆ ಹೊಸ ಸಮಿತಿಗೆ ಕಾಯದೆ, ವೆಚ್ಚದ ಏರಿಕೆಗೆ ತಕ್ಕಂತೆ, ಶೇ 5ರ ಮಿತಿಯೊಳಗೆ, ದರ ವರ್ಷಕ್ಕೊಮ್ಮೆ ತಾನಾಗಿಯೇ ಪರಿಷ್ಕಾರಗೊಳ್ಳುವ ಒಂದು ಸೂತ್ರ. ಲೆಕ್ಕಪತ್ರದ ದೃಷ್ಟಿಯಿಂದ ಇದು ಜಾಣ ಸಲಹೆ. ಎಂಟು ವರ್ಷಕ್ಕೊಮ್ಮೆ ಬೀಳುವ ದೊಡ್ಡ ಏಟು ಇದರಿಂದ ತಪ್ಪುತ್ತದೆ. ವ್ಯಾಕರಣದ ದೃಷ್ಟಿಯಿಂದ ಮಾತ್ರ ಇನ್ನೊಂದು ಮೆಟ್ಟಿಲು ಕೆಳಗೆ. ಹಿಂದೆ ಸರ್ಕಾರ ದರ ಏರಿಸುತ್ತಿತ್ತು. ಆಮೇಲೆ ದರ ‘ಏರಿಸಲಾಗಿದೆ’ ಎಂದಾಯಿತು. ಅದರಲ್ಲಿ ಕರ್ತೃ ಕಾಣದಿದ್ದರೂ ಅವನ ಜಾಗವಾದರೂ ಖಾಲಿ ಇತ್ತು, ‘ಯಾರಿಂದ?’ ಎಂದು ಕೇಳಲು ಎಡೆಯಿತ್ತು. ಇನ್ನು ಮುಂದೆ ದರ ‘ಏರುತ್ತದೆ’, ಬೆಳಗಾದರೆ ಲಾಲ್‌ಬಾಗಿನ ಬಂಡೆಯ ಮೇಲೆ ಹೊತ್ತು ಏರುವ ಹಾಗೆ.